ನಿಂತ ನೀರಿನ ಕೆಂಪು

“ನಿಮ್ಮಪ್ಪ ಸೀರಿಗೆ ಬಣ್ಣ ಹಾಕಿದವ ಅಲ್ಲಲೇ, ಹೊಳಿಗೆ ಹಾಕಿದವ.”

ಕಾಗದದ ಮಲಕಾಜಪ್ಪ ಈ ಮಾತನ್ನು ತುಂಬಿದ ಸಂತೆಯಲ್ಲಿ ನನ್ನ ಮುಖಕ್ಕೇ ಅಂದ. ನಾನು ಹೆಗಲ ಮೇಲಿನ ಬಟ್ಟೆಯ ಗಂಟನ್ನು ಆಗತಾನೇ ಇಳಿಸಿದ್ದೆ, ಇನ್ನೂ ಬಿಚ್ಚಿರಲಿಲ್ಲ. ಮೆಣಸಿನಕಾಯಿ ತೂಗುತ್ತಿದ್ದವನು ಎತ್ತಿದ ತಕ್ಕಡಿ ಹಿಡಿದು ಹಾಗೇ ನಿಂತ. ಹುಲಿಗೆವ್ವನ ಬಾಣಲೆಯಲ್ಲಿ ಮಿರ್ಚಿ ಕರಕಾಗುತ್ತಿದ್ದರೂ ಆಕೆ ಸೌಟು ಹಾಕಲಿಲ್ಲ.

“ನಿಮ್ಮ ಬಾನಿಯೊಳಗ ಬಣ್ಣ ಎಲ್ಲೈತಿ? ಬರೇ ರಾಡಿ ಐತಿ,” ಅಂದ ಮತ್ತೆ. “ಅದನ್ನ ತಂದು ಊರ ಹೆಣ್ಣಮಕ್ಕಳ ಮೈಮ್ಯಾಲ ಹಾಕಬ್ಯಾಡ್ರಿ. ಹೋಗು, ಹೇಳು ನಿಮ್ಮಪ್ಪಗ.”

ನಾನು ಬಾಯಿ ತೆರೆಯಲಿಲ್ಲ. ಹೆದರಿ ಅಲ್ಲ. ಅವನ ತಲೆಯ ಪಟಗ ಕಿತ್ತು ಬಾಣಲೆಗೆ ಹಾಕುವಷ್ಟು ಸಿಟ್ಟು ಬಂದಿತ್ತು. ಆದರೆ ಆಗ ನೀರು ಸುಣ್ಣದ ಗುಡ್ಡದಿಂದ ಬರುತ್ತಿತ್ತು. ಅಂದರೆ ನಾವು ಕೆಳಗಿನವರು, ಅವನು ಮೇಲಿನವನು. ಕೆಳಗಿನವನು ಮೇಲಿನವನಿಗೆ ಎದುರು ಮಾತಾಡುವಂತಿಲ್ಲ. ಗಂಟು ಎತ್ತಿಕೊಂಡು ಹೊರಟೆ. “ಹುಡುಗ ಮಾತು ಗಂಟಿನ್ಯಾಗ ಕಟ್ಟಿಕೊಂಡು ಹೊಂಟಾನ, ನೀರು ತಿರುಗಿದ ದಿನ ಬಿಚ್ಚತಾನ ನೋಡ್ರಿ,” ಅಂತ ಯಾರೋ ಅಂದರು. ಸಂತೆಯೆಲ್ಲ ನಕ್ಕಿತು.

ಊರಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಇಲ್ಲಿ ಬರುವ ಜನರ ಹೆಸರೂ ಅವರವಲ್ಲ. ಯಾಕೆ ಅನ್ನುವುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಮೂಡಲಿಗೆ ಕೆಂಪು ಗುಡ್ಡ, ಪಡುವಲಿಗೆ ಸುಣ್ಣದ ಗುಡ್ಡ. ನಡುವಿನ ತಗ್ಗಿನಲ್ಲಿ ದನದ ಗೋದಲಿಯ ಹಾಗೆ ಉದ್ದಕ್ಕೆ ಊರು, ಊರ ಉದ್ದಕ್ಕೂ ಹೊಳೆ. ಅರ್ಧ ವರ್ಷ ನೀರು ಸುಣ್ಣದ ಗುಡ್ಡದಿಂದ ಕೆಂಪು ಗುಡ್ಡದ ಕಡೆ ಹೋಗುತ್ತದೆ. ಆಮೇಲೆ ಕೆಲವು ದಿನ ನಿಲ್ಲುತ್ತದೆ. ಆಮೇಲೆ ತಿರುಗಿ ಕೆಂಪು ಗುಡ್ಡದಿಂದ ಸುಣ್ಣದ ಗುಡ್ಡದ ಕಡೆ ಹರಿಯುತ್ತದೆ. ಹೊರಗಿನವರು ಕೇಳಿದರೆ ಬಾಯಿ ಬಿಡುತ್ತಾರೆ. ನಮಗೆ ನಿಮ್ಮ ಹೊಳೆಗಳ ಸುದ್ದಿ ಕೇಳಿದರೆ ಪಾಪ ಅನ್ನಿಸುತ್ತದೆ. ಹುಟ್ಟಿದಾಗಿಂದ ಒಂದೇ ಕಡೆ ಹರಿಯುವ ಹೊಳೆಯ ದಂಡೆಯಲ್ಲಿ ಕೆಳಗಿದ್ದವರು ಸಾಯುವ ತನಕ ಕೆಳಗೇ ಇರಬೇಕಲ್ಲ.

ನಾನು ಶಾಲೆ ಬಿಟ್ಟದ್ದೂ ಈ ಹೊಳೆಯ ದೆಸೆಯಿಂದಲೇ. ಹೊರಗಿನಿಂದ ಬಂದ ಮಾಸ್ತರರು ನಿಮ್ಮ ಊರ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಕೇಳಿದರು. ಈವತ್ತೋ, ಬರೋ ದೀಪಾವಳಿಗೋ ಅಂತ ನಾನು ಕೇಳಿದೆ. ಬೆನ್ನ ಮೇಲೆ ಬರೆ ಏಳುವ ಹಾಗೆ ಹೊಡೆದರು. ಪಾಟಿಯನ್ನು ಅವರ ಮೇಜಿನ ಮೇಲೆ ಕುಕ್ಕಿ ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಸಿಟ್ಟು ನನಗೆ ಆಗಿನಿಂದಲೂ ಇದೆ.

ಪಡುವಲ ತುದಿಯವರು ಕಾಗದ ಮಾಡುತ್ತಾರೆ, ಮೂಡಲ ತುದಿಯ ನಾವು ದೊಡ್ಡ ಬಾನಿಗಳಲ್ಲಿ ಅದ್ದಿ ಬಟ್ಟೆಗೆ ಬಣ್ಣ ಹಾಕುತ್ತೇವೆ. ಇದು ಹಿರಿಯರು ಕೂತು ಹಂಚಿದ್ದಲ್ಲ, ಗುಡ್ಡಗಳು ಹಂಚಿದ್ದು. ಸುಣ್ಣದ ನೀರಿನಲ್ಲಿ ಬೇರಿನ ಕೆಂಪು ಹಾಕಿದರೆ ದಾಸವಾಳದ ಹಾಗೆ ಏಳುತ್ತದೆ, ಬಟ್ಟೆ ಹರಿದು ಚಿಂದಿಯಾದರೂ ಬಣ್ಣ ಬಿಡುವುದಿಲ್ಲ. ಕೆಂಪು ಗುಡ್ಡದ ನೀರಿನಲ್ಲಿ ಕಬ್ಬಿಣ ಇದೆ. ಅದರಲ್ಲಿ ಅಳಲೆಕಾಯಿ ಕುದಿಸಿ ಬಟ್ಟೆ ಅದ್ದಿದರೆ ಕಾಗೆಯಂಥ ಕಪ್ಪು. ಹಾಗಾಗಿ ನಾವು ಕೆಳಗಿದ್ದಾಗ ಕೆಂಪಿನ ಕಾಲ, ಮೇಲಿದ್ದಾಗ ಕಪ್ಪಿನ ಕಾಲ. ಕಾಗದದವರು ಮೇಲಿದ್ದಾಗ ತಿಳಿನೀರಿನಲ್ಲಿ ಬಿಳಿ ಹಾಳೆ ಎತ್ತುತ್ತಾರೆ. ಕೆಳಗಾದಾಗ ನಮ್ಮ ಕಪ್ಪು ಅವರ ತೊಟ್ಟಿಗಳಿಗೆ ಇಳಿದು ಹಾಳೆ ಬೂದು ಬಣ್ಣಕ್ಕೆ ಬರುತ್ತದೆ. ಬಿಳಿಯದು ದೂರದ ಕಚೇರಿಗಳಿಗೆ ಹೋಗುತ್ತದೆ, ಬೂದು ಬಣ್ಣದ್ದು ಬೆಲ್ಲ ಕಟ್ಟಲು. ಬೆಲ್ಲ ತಿನ್ನುವವರು ಇರುವ ತನಕ ಅದಕ್ಕೂ ಗಿರಾಕಿ ತಪ್ಪಿಲ್ಲ, ಹಾಗಾಗಿ ನೀರಿನ ಸಲುವಾಗಿ ಜಗಳ ಆದದ್ದಿಲ್ಲ.

ಸಂತೆ ಯಾವಾಗಲೂ ಮೇಲಿನ ತುದಿಯಲ್ಲಿ. ನೀರು ತಿರುಗಿದರೆ ಸಂತೆಯೂ ಗುಡಾರ ಕಿತ್ತುಕೊಂಡು ಈ ತುದಿಯಿಂದ ಆ ತುದಿಗೆ ಬರುತ್ತದೆ. ಪಂಚರ ಕಟ್ಟೆಗಳೂ ಎರಡು. ಎಲ್ಲ ಮನೆಗೂ ಎರಡು ತಲೆಬಾಗಿಲು. ನೀರು ಬರುವ ಕಡೆಯದು ತಲೆಬಾಗಿಲು, ಹೋಗುವ ಕಡೆಯದು ಹಿತ್ತಿಲು. ನೀರು ತಿರುಗಿದರೆ ರಂಗೋಲಿ ಆ ಬಾಗಿಲಿಗೆ, ಸೆಗಣಿ ಬುಟ್ಟಿ ಈ ಬಾಗಿಲಿಗೆ. ಅಳಿಯನ ಮನೆ ಕೆಳಗಿದ್ದಾಗ ಅವನು ಮಾವನ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಉಣ್ಣುತ್ತಾನೆ. ಮೇಲಿದ್ದಾಗ ಉಪ್ಪು ಕಡಿಮೆ ಅನ್ನುತ್ತಾನೆ.

ಬೈಗುಳಕ್ಕೂ ಒಂದು ಪದ್ಧತಿ ಇದೆ. ಮೇಲಿನವನು ಬೈದರೆ ಕೆಳಗಿನವನು ತಡೆದುಕೊಳ್ಳಬೇಕು. ನೀರು ತಿರುಗಿದ ದಿನ ಬೈದವನು ತಲೆಯ ಪಟಗ ತೆಗೆದು, ಊರ ನಡುವೆ ಹೊಳೆಯಲ್ಲಿರುವ ನಡುಗಲ್ಲಿನ ಮುಂದೆ ಬಂದು ನಿಲ್ಲಬೇಕು. ಬೈಸಿಕೊಂಡವನು ಎಲ್ಲರ ಎದುರು ಒಂದೇ ಮಾತಿನಲ್ಲಿ ಉತ್ತರ ಕೊಡಬೇಕು. ಮಾತು ಯಾರ ಮುಖಕ್ಕೆ ಬಿದ್ದಿದೆಯೋ ಉತ್ತರವೂ ಅವನದೇ, ಅಪ್ಪನೋ ಅಣ್ಣನೋ ಬಂದು ಹೇಳುವಂತಿಲ್ಲ. ಉತ್ತರ ಕೊಟ್ಟರೆ ಅಲ್ಲಿಗೆ ಮುಗಿಯಿತು, ಬೈದ ಮಾತು ನೀರಿನಲ್ಲಿ ಹೋಯಿತು. ಕೊಡದಿದ್ದರೆ ಹೊಳೆ ಒಪ್ಪಿತು ಅನ್ನುತ್ತಾರೆ. ಹೊಳೆ ಒಪ್ಪಿದ ಮಾತು ನಿಜ. ಬಣ್ಣದ ಮನೆಯ ಮೇಲೆ ಅಂಥ ಮಾತು ನಿಂತರೆ ಆ ಮನೆಯವರು ಬಾನಿಗಳನ್ನು ಬೋರಲು ಹಾಕಿ ಕಸುಬು ಬಿಡಬೇಕು. ನಮ್ಮ ಕೇರಿಯಲ್ಲಿ ಅಂಥ ಮನೆ ಒಂದಿದೆ. ಬೋರಲು ಬಿದ್ದ ಬಾನಿಗಳ ಮೇಲೆ ಕೋಳಿಗಳು ಕೂರುತ್ತವೆ. ಮನೆಯವರು ಸುಣ್ಣದ ಗುಡ್ಡದಲ್ಲಿ ಕಲ್ಲು ಹೊರುತ್ತಾರೆ.

ಮಲಕಾಜಪ್ಪನ ಸಿಟ್ಟಿಗೆ ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ಸುಣ್ಣದ ನೀರು ಬರಲು ಶುರುವಾಗಿ ಸ್ವಲ್ಪ ದಿನಕ್ಕೆ ಅವನ ಹೆಂಡತಿ ಈರವ್ವ ಸತ್ತಳು. ನಮ್ಮಲ್ಲಿ ಹೆಣವನ್ನು ಮಣ್ಣಿಗೆ ಒಯ್ಯುವ ಮೊದಲು ಸಿದಿಗೆ ಸಮೇತ ಮೇಲಿನ ತುದಿಯ ನೀರಿನಲ್ಲಿ ಮೂರು ಸಲ ಮುಳುಗಿಸುತ್ತಾರೆ. ಗಂಡ ಇರುವಾಗಲೇ ಹೋದ ಮುತ್ತೈದೆ ಅಂತ ಆಕೆಗೆ ಪೆಟ್ಟಿಗೆಯಲ್ಲಿದ್ದ ಹೊಸ ಕೆಂಪು ಸೀರೆ ಉಡಿಸಿದ್ದರು. ನಮ್ಮಪ್ಪ ದ್ಯಾವಪ್ಪ ಬಣ್ಣ ಹಾಕಿದ ಸೀರೆ. ಮೊದಲ ಮುಳುಗಿಗೆ ನೀರು ತುಸು ಗುಲಾಬಿ ಆಯಿತಂತೆ. ಎರಡನೆಯದಕ್ಕೆ ಕೆಂಪಾಯಿತು. ಮೂರನೆಯದಕ್ಕೆ ಸೀರೆಯಲ್ಲಿದ್ದದ್ದೆಲ್ಲ ಹೊಳೆಗೆ ಬಂತು. ಕೆಂಪು ನೀರು ಕಾಗದದ ತೊಟ್ಟಿ ದಾಟಿ, ನಡುಗಲ್ಲು ದಾಟಿ, ಒಗೆಯುವವರ ಕಾಲು ಸುತ್ತಿ, ಊರೆಲ್ಲ ನೋಡುತ್ತಿದ್ದ ಹಾಗೆ ನಮ್ಮ ಕೇರಿಯ ತನಕ ಹರಿದು ಬಂತು. ನಾನು ಬಾನಿ ತಿಕ್ಕುತ್ತಿದ್ದೆ. ದಂಡೆಯಲ್ಲಿ ಕೂತಿದ್ದ ಅಪ್ಪ ಅದನ್ನು ನೋಡಿ, ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಮೇಲಿನ ತುದಿಯಲ್ಲಿ ಮಲಕಾಜಪ್ಪನ ಕೈ ಮೊಣಕೈ ತನಕ ಕೆಂಪಾಗಿತ್ತಂತೆ. ಈರವ್ವ ಮಾತ್ರ ಬಿಳಿ ಸೀರೆಯಲ್ಲಿ ಮಣ್ಣಿಗೆ ಹೋದಳು. ಮುತ್ತೈದೆ ಬಿಳಿಯಲ್ಲಿ ಹೋದಳು ಅಂದರೆ ಏನು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂತೆಯ ಆ ಮಾತಿನ ನಂತರ ನಮ್ಮ ಮನೆಗೆ ಬಟ್ಟೆ ಬರುವುದು ನಿಂತಿತು. ಅದೂ ಕೆಂಪಿನ ಕಾಲದಲ್ಲಿ, ಮದುವೆಯ ಸೀರೆಗಳೆಲ್ಲ ಬರುವ ಹೊತ್ತಿನಲ್ಲಿ. ಅಪ್ಪ ದಿನಾ ಖಾಲಿ ಬಾನಿ ತೊಳೆದು ಬೋರಲು ಹಾಕದೆ ಅಂಗಾತ ಇಡುತ್ತಿದ್ದ. ನಾನು ಕೇಳುವುದನ್ನು ಬಿಡುತ್ತಿರಲಿಲ್ಲ.

“ಯಪ್ಪಾ, ಪಟಿಕ ಕಡಿಮಿ ಹಾಕಿದ್ದೇನು?”

“ಇಲ್ಲ.”

“ಬೇರು ಹಳೇದಿತ್ತೇನು?”

“ಇಲ್ಲ.”

“ಮತ್ತ ಏನಾತು?”

“ಏನಾಗೂದು. ಬಣ್ಣ ಬಿಟ್ಟತು.”

“ನಡುಗಲ್ಲಿನ ಮುಂದ ನಿಂತು ಹಂಗ ಹೇಳ್ಲೇನು? ಬಣ್ಣ ಬಿಟ್ಟತ್ರೀ, ಏನ ಮಾಡೂದ್ರೀ ಅಂತ?”

“ಮಾತು ನಿನ್ನ ಮುಖಕ್ಕ ಬಿದ್ದೈತಿ,” ಅಂದ ಅಪ್ಪ. “ಉತ್ತರ ನಿಂದು. ನೀನ ನೋಡಿಕೋ.”

ನನಗೆ ಬಂದ ಸಿಟ್ಟಿಗೆ ನೀರಿನ ಕೊಡ ಒದ್ದೆ. ಕೊಡ ಒಡೆಯಲಿಲ್ಲ, ಬೆರಳು ಬಾತುಕೊಂಡಿತು. ಅಪ್ಪ ಎದ್ದು ಬಂದು ಅರಿಶಿನ ಹಚ್ಚಿದ.

ಉತ್ತರವನ್ನು ನಾನೇ ಹುಡುಕಲು ಕೂತೆ. ಹಿತ್ತಿಲಲ್ಲಿ ಕಟ್ಟಿದ್ದ ನಮ್ಮ ಆಡಿನ ಮುಂದೆ ನಿಂತು, ಅದನ್ನೇ ಮಲಕಾಜಪ್ಪ ಅಂದುಕೊಂಡು ದಿನಾ ಒಂದೊಂದು ಹೇಳಿ ನೋಡುತ್ತಿದ್ದೆ. ‘ನಿನ್ನ ಹಾಳಿ ಮ್ಯಾಲ ಬರದ ಮಾತು ಒಂದು ಮಳಿ ದಾಟಂಗಿಲ್ಲ.’ ಆಡು ಮೇವು ತಿನ್ನುತ್ತಿತ್ತು. ‘ಬಿಳಿ ಹಾಳಿ ಮಾಡವನ ಮನಸು ಬೆಲ್ಲ ಕಟ್ಟೂ ಹಾಳಿಗಿಂತ ಬೂದು.’ ಆಡು ಮೇವು ತಿನ್ನುತ್ತಿತ್ತು. ನಮ್ಮವ್ವ ಫಕೀರವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೇಳಿ, “ಆಡು ಸುದ್ದಾ ಮೇವು ಬಿಡವಲ್ದು, ಮಲಕಾಜಪ್ಪ ಏನು ಬಿಟ್ಟಾನು?” ಅಂದಳು.

ಹಾಗೇ ಕಾಲ ಕಳೆದು ನೀರು ನಿಂತಿತು. ನಿಂತ ನೀರಿನ ದಿನಗಳಲ್ಲಿ ಊರು ಏನೂ ಮಾಡುವುದಿಲ್ಲ. ಎರಡೂ ಗುಡ್ಡದ ನೀರು ಒಂದರೊಳಗೊಂದು ಕೂಡಿಕೊಂಡಿರುತ್ತದೆ. ಆ ನೀರಿನಲ್ಲಿ ಹಾಳೆ ಏಳುವುದಿಲ್ಲ, ಬಣ್ಣ ನಾರು ಹಿಡಿಯುವುದಿಲ್ಲ. ಸೊಳ್ಳೆ ಹುಟ್ಟುತ್ತವೆ. ಜನ ಗೋಡೆಗೆ ಸುಣ್ಣ ಹಚ್ಚುತ್ತಾರೆ, ಸಾಮಾನನ್ನು ಈ ಬಾಗಿಲಿನಿಂದ ಆ ಬಾಗಿಲಿಗೆ ಹೊರುತ್ತಾರೆ. ನಾನೂ ಅವ್ವನೂ ಹೊರಸು ಎತ್ತಿಕೊಂಡು ಬರುತ್ತಿದ್ದೆವು. ನಡುಮನೆಯಲ್ಲಿ ಅವ್ವ ತನ್ನ ಕಡೆಯ ಮಂಚದ ಕಾಲು ಇಳಿಸಿದಳು. ಅಪ್ಪ ಹೊಳೆಯ ಕಡೆ ಹೋಗಿದ್ದ.

“ಕೂಡು,” ಅಂದಳು. “ಒಂದು ಮಾತು ಹೇಳ್ತೀನಿ. ನಿಮ್ಮಪ್ಪ ಭಾಷೆ ಕೊಟ್ಟಾನ, ನಾ ಕೊಟ್ಟಿಲ್ಲ.”

ಹೊರಸಿನ ಮೇಲೆ ಕೂತೆ.

“ಹ್ವಾದ ಸಲ ನೀರು ನಿಂತಾಗ ಈರವ್ವ ನಮ್ಮನಿಗೆ ಬಂದಿದ್ಲು. ಒಬ್ಬಾಕಿನ, ಗ್ವಾಡಿ ಹಿಡಕೋತ ಬಂದ್ಲು. ಒಂದು ಬಿಳಿ ಸೀರಿ ಕೊಟ್ಟು ಕೆಂಪು ಮಾಡಿಕೊಡು ಅಂದ್ಲು. ನಿಮ್ಮಪ್ಪ ಅಂದ, ‘ತಂಗೀ, ನೀರು ನಿಂತೈತಿ. ಸುಣ್ಣದ ನೀರು ಬರಲಿ, ಹಬ್ಬಕ್ಕ ಕೊಡ್ತೀನಿ.’ ‘ಹಬ್ಬದ ಮಟ ನಾ ಇರಂಗಿಲ್ಲ, ದ್ಯಾವಣ್ಣ’ ಅಂದ್ಲು. ನಿಮ್ಮಪ್ಪ ನಗಚಾಟಿಕಿ ಅಂತ ತಿಳಕೊಂಡ. ಅಕಿ ನನ್ನ ಕೈ ತಗೊಂಡು ಹೊಟ್ಟಿ ಮ್ಯಾಲ ಇಟ್ಟಳು. ಒಳಗ ಗಡ್ಡಿ ಇತ್ತು. ಕಲ್ಲಿನಂಗ ಇತ್ತು.”

ಅವ್ವ ತನ್ನ ಅಂಗೈ ನೋಡಿಕೊಂಡಳು.

“ಗಂಡಗ ಹೇಳಿರಲಿಲ್ಲೇನು?”

“ಯಾರಿಗೂ ಹೇಳಿರಲಿಲ್ಲ. ‘ಹೇಳಿದ್ರ ತೊಟ್ಟಿ, ಮನಿ ಮಾರಿ ನನ್ನ ಊರೂರು ತಿರುಗಸ್ತಾನ. ನಾ ಹೆಂಗೂ ಹೋಗಾಕಿ, ಮಕ್ಕಳು ಬೀದಿಗೆ ಬೀಳ್ತಾವು. ಹಬ್ಬಕ್ಕ ಸೀರಿ ಅಂತ ಹೇಳೀನಿ, ನಾ ಹ್ವಾದ ಮ್ಯಾಲೂ ಅವ ಹಂಗ ತಿಳಕೊಂಡಿರಲಿ’ ಅಂದ್ಲು. ನಿಮ್ಮಪ್ಪನ ಕಡೆ ಭಾಷೆ ತಗೊಂಡ್ಲು. ನಿಮ್ಮಪ್ಪ ಆಗೂ ಹೇಳಿದ, ‘ನಿಂತ ನೀರಿನ ಕೆಂಪು ಮೂರು ಸಲ ಒಗದ್ರ ಉಳಿಯಂಗಿಲ್ಲ, ತಂಗೀ’ ಅಂತ. ಅಕಿ ನಕ್ಕಳು. ‘ಒಗಿಯವರು ಯಾರು, ದ್ಯಾವಣ್ಣ? ಒಂದ ಸಲ ಉಡೂದು.’”

“ಒಗಿಯೂದನ್ನ ಎಲ್ಲರೂ ಲೆಕ್ಕಕ್ಕ ಹಿಡದ್ವಿ,” ಅಂದಳು ಅವ್ವ. “ಮುಳುಗಸೂದನ್ನ ಮರತ್ವಿ. ಅಕಿ ಮರತ್ಲು, ನಿಮ್ಮಪ್ಪ ಮರತ, ನಾ ಮರತೆ. ಹುಟ್ಟಿದಾಗಿಂದ ನೋಡಿದ್ದು, ಹೆಂಗ ಮರತ್ವೋ ಏನೋ.”

ಆಗ ನನಗೆ ದುಃಖವಾಯಿತು ಅಂತ ಬರೆದರೆ ಸುಳ್ಳು. ಖುಷಿಯಾಯಿತು. ಇಷ್ಟು ದಿನ ಆಡಿನ ಮುಂದೆ ಹುಡುಕಿದ ಉತ್ತರ ಕಾಲ ಬುಡಕ್ಕೇ ಬಂದು ಬಿದ್ದಿತ್ತು. ‘ನಿನ್ನ ಹೆಂಡತಿ ತನ್ನ ಸಾವನ್ನ ನಿನಗ ಹೇಳಲಿಲ್ಲ, ನೀ ರಾಡಿ ಅಂದ ಬಾನಿಯವಗ ಹೇಳಿದ್ಲು.’ ಒಂದೇ ಮಾತು. ನಮ್ಮ ಬಾನಿಯೂ ಉಳಿಯುತ್ತದೆ, ಮಲಕಾಜಪ್ಪ ಮತ್ತೆ ತಲೆ ಎತ್ತುವುದಿಲ್ಲ. ಇದಕ್ಕಿಂತ ಹರಿತವಾದ ಉತ್ತರವನ್ನು ನಡುಗಲ್ಲು ಕೇಳಿರಲಿಕ್ಕಿಲ್ಲ ಅನ್ನಿಸಿತು.

“ಹೇಳ್ತೀನಿ,” ಅಂದೆ.

“ಹೇಳಬೇಕೋ ಬ್ಯಾಡೋ ನನಗ ತಿಳಿಯಂಗಿಲ್ಲ,” ಅಂದಳು ಅವ್ವ. “ಬಾನಿ ಬೋರಲು ಬಿದ್ರ ನಾವು ಏನು ತಿನ್ನೂದು ಅನ್ನೂದೂ ತಿಳಿಯಂಗಿಲ್ಲ. ಆಡಿನ ಮುಂದ ಮಾತ್ರ ಹೇಳಿ ನೋಡಬ್ಯಾಡ. ಗ್ವಾಡಿ ಆಚೆ ಮಂದಿ ಇರ್ತಾರ.” ಹೊರಸಿನ ಕಾಲು ಎತ್ತಿದಳು.

ನೀರು ತಿರುಗುವುದನ್ನು ನೋಡುವವನು ಗಡ್ಡದ ರಾಚಪ್ಪ. ಬೆಳಿಗ್ಗೆ ನಡುಗಲ್ಲಿನ ಮೇಲೆ ಕೂತು ಒಣಗಿದ ಸೋರೆಬುರುಡೆಯೊಂದನ್ನು ನೀರಿಗೆ ಬಿಡುತ್ತಾನೆ. ಬುರುಡೆ ನಿಂತಲ್ಲೇ ಸುತ್ತಿದರೆ ಎಲ್ಲರೂ ಮನೆಗೆ. ಅವತ್ತು ಬುರುಡೆ ಒಂದು ಸುತ್ತು ಸುತ್ತಿ, ಯೋಚನೆ ಮಾಡಿದ ಹಾಗೆ ನಿಂತು, ಮೆಲ್ಲಗೆ ಪಡುವಲಿಗೆ ಹೊರಟಿತು. ರಾಚಪ್ಪ ಕೈ ಎತ್ತಿದ. ನಾವು ಮೇಲಿನವರಾದೆವು.

ಬಿಸಿಲೇರುವ ಹೊತ್ತಿಗೆ ಎರಡೂ ದಂಡೆ ತುಂಬಿತು. ಬೇರೆಯವರ ಸಣ್ಣಪುಟ್ಟ ಉತ್ತರಗಳು ಮೊದಲು ಮುಗಿದವು. ಒಬ್ಬ ತನ್ನ ಅಳಿಯನಿಗೆ ಹೇಳಿದ ಮಾತಿಗೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹುಲಿಗೆವ್ವ ಒಲೆಯನ್ನು ಆಗಲೇ ನಮ್ಮ ತುದಿಗೆ ತಂದು ಹೂಡಿದ್ದಳು. “ಯಮನೂರ, ಗಟ್ಟಿಯಾಗಿ ಹೇಳಪಾ,” ಅಂದಳು ನನಗೆ. “ಎಣ್ಣಿ ಸಪ್ಪಳದಾಗ ಹ್ವಾದ ಸಲ ಒಂದು ಮಾತೂ ಕೇಳಿಲ್ಲ ನನಗ.” ಅಪ್ಪ ಜನರ ನಡುವೆ ಇರಲಿಲ್ಲ. ದೂರದಲ್ಲಿ ನಮ್ಮ ಬಾನಿಗಳ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಹೊಸ ನೀರಿಗೆ ಕೈ ಹಾಕಿಕೊಂಡಿದ್ದ.

ಮಲಕಾಜಪ್ಪ ಬಂದ. ಮಣ್ಣು ಕೊಟ್ಟು ಬಂದ ದಿನ ಇದ್ದದ್ದಕ್ಕಿಂತ ಅರ್ಧ ಆಗಿದ್ದ. ಹಿಂದೆ ಅವನ ಮಕ್ಕಳು, ಚಿಕ್ಕದು ದೊಡ್ಡದರ ಕಂಕುಳಲ್ಲಿ. ನಡುಗಲ್ಲಿನ ಮುಂದೆ ನಿಂತು ಪಟಗ ಬಿಚ್ಚಿದ. ಪಟಗದ ಮಡಿಕೆಯಿಂದ ಬಟ್ಟೆಯ ಒಂದು ಪಟ್ಟಿ ಕೆಳಗೆ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ. ಸೀರೆಯ ಸೆರಗಿನ ಅಂಚು. ಹೆಂಡತಿ ಹೋದವರು ಹರಿದು ಇಟ್ಟುಕೊಳ್ಳುತ್ತಾರೆ. ನಿಂತ ನೀರಿನ ಕೆಂಪು ಅದರ ಎಳೆಗಳ ಸಂದಿಯಲ್ಲಿ ಮಾತ್ರ ಒಂದಿಷ್ಟು ಗುಲಾಬಿಯಾಗಿ ಉಳಿದಿತ್ತು.

“ಒಂದ ಮಾತು, ಯಮನೂರಪ್ಪ,” ಅಂದ ರಾಚಪ್ಪ. “ಎರಡಿಲ್ಲ.”

ಬೈದವನು ಅಲ್ಲಿ ಮಾತಾಡುವಂತಿಲ್ಲ. ಆದರೂ ಮಲಕಾಜಪ್ಪ ಮಾತಾಡಿದ.

“ಬೈಯಪಾ ತಮ್ಮ, ಬೈಸಿಕೊಳ್ಳಾಕ ಬಂದೀನಿ,” ಅಂದ. “ಆದ್ರ ಬೈಯೂಕಿಂತ ಮೊದ್ಲ ಇದೊಂದು ಹೇಳು. ಬಣ್ಣ ಯಾಕ ಬಿಟ್ಟತು? ದ್ಯಾವಣ್ಣನ ಕೈಯಾಗಿಂದು ಹಿಂದ ಯಾವತ್ತೂ ಬಿಟ್ಟಿಲ್ಲ, ನನಗೂ ಗೊತ್ತೈತಿ. ಅಕಿ ಹಬ್ಬಕ್ಕ ಅಂತ ತಂದಿದ್ಲು. ದಿನಾ ಪೆಟಿಗಿ ತಗದು ನೋಡತಿದ್ಲು. ಸಾಯೂ ದಿನಾ ಸುದ್ದಾ ಹಬ್ಬಕ್ಕ ಇದನ್ನ ಉಡ್ತೀನಿ ಅಂದ್ಲು. ಅಷ್ಟು ಆಸೆ ಇಟ್ಟಿದ್ಲು.”

ರಾಚಪ್ಪ ಅವನನ್ನು ಗದರಿಸಿ ಸುಮ್ಮನಾಗಿಸಿದ. ಎಲ್ಲರೂ ನನ್ನ ಕಡೆ ತಿರುಗಿದರು. ಮರದ ಕೊಂಬೆ ಏರಿದ್ದವರು ಇನ್ನಷ್ಟು ಬಾಗಿದರು. “ಹೇಳಲೇ, ಮಿರ್ಚಿ ಆರಾಕತ್ತಾವು,” ಅಂದ ಒಬ್ಬ. ಅವನ ಕೈಯಲ್ಲಿ ಬೂದು ಹಾಳೆಯ ಪೊಟ್ಟಣ ಇತ್ತು, ಎಣ್ಣೆ ಹೀರಿತ್ತು.

ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮರೆತಿರಲಿಲ್ಲ, ಹೆದರಿರಲೂ ಇಲ್ಲ. ನಾನು ಮಲಕಾಜಪ್ಪನ ಮುಷ್ಟಿ ನೋಡಿದೆ. ಆಮೇಲೆ ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಇವತ್ತು ಏನಾಗುತ್ತದೆ ಅನ್ನುವುದು ಅವನಿಗೆ ಕೆಂಪು ನೀರು ನಮ್ಮ ಕೇರಿಗೆ ಬಂದ ದಿನವೇ ಗೊತ್ತಿತ್ತು, ಗೊತ್ತಿದ್ದೂ ನನ್ನ ಬೆರಳಿಗೆ ಅರಿಶಿನ ಹಚ್ಚಿದ್ದ. ಅವನ ಮೇಲೆ ಸಿಟ್ಟು ಬಂತು. ನಗುತ್ತ ಭಾಷೆ ತೆಗೆದುಕೊಂಡು ಹೋದ ಈರವ್ವನ ಮೇಲೆ ಬಂತು. ಪೊಟ್ಟಣ ಹಿಡಿದು ನಿಂತವನ ಮೇಲೆ, ಕೊಂಬೆ ಏರಿದವರ ಮೇಲೆ, ಒಂದು ಸಾವನ್ನು ಅರ್ಧ ವರ್ಷ ಕಾದು ಬೈಗುಳ ಮಾಡಿ ಕೇಳಲು ನೆರೆದ ಎರಡು ದಂಡೆಯ ಮೇಲೆ ಬಂತು. ಮಲಕಾಜಪ್ಪನ ಮೇಲೆ ಮಾತ್ರ, ಎಷ್ಟು ಹುಡುಕಿದರೂ, ಬರಲಿಲ್ಲ.

“ಉತ್ತರ ಐತೋ ಇಲ್ಲೋ?” ಅಂದ ರಾಚಪ್ಪ. ದನಿ ತಗ್ಗಿಸಿ, ನನಗಷ್ಟೇ ಕೇಳುವ ಹಾಗೆ ಅಂದ: “ಏನರ ಒಂದು ಹೇಳಿಬಿಡೋ, ಕತ್ತಿ ಅನ್ನು, ಹಂದಿ ಅನ್ನು, ನಡೀತೈತಿ. ಸುಮ್ಮನ ಹ್ವಾದ್ರ ಹೊಳಿ ಒಪ್ಪತೈತಿ. ನಿಮ್ಮಪ್ಪನ ಬಾನಿ ನೆನಸು.”

ಅನ್ನಬಹುದಿತ್ತು. ಕತ್ತೆ ಅಂದಿದ್ದರೂ ಬಾನಿ ಉಳಿಯುತ್ತಿತ್ತು. ಆದರೆ ಬಾಯಿ ತೆರೆದರೆ ಕತ್ತೆಯ ಬೆನ್ನಿಗೆ ಇನ್ನೊಂದು ಮಾತೂ ಹೊರಗೆ ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ನನ್ನ ಸಿಟ್ಟು ನನಗೆ ಗೊತ್ತು. ಅದು ಒಂದು ಮಾತಿಗೆ ನಿಲ್ಲುವಂಥದ್ದಲ್ಲ.

ನಡುಗಲ್ಲಿಗೆ ಬೆನ್ನು ತಿರುಗಿಸಿದೆ. ಜನ ಮೊದಲು ದಾರಿ ಬಿಡಲಿಲ್ಲ, ಆಮೇಲೆ ಬಿಟ್ಟರು. ಹುಲಿಗೆವ್ವ ಒಲೆಯ ಬೆಂಕಿ ಎಳೆದು ನನ್ನ ಮುಖ ನೋಡದೆ ಕೂತಳು. ಮುಂದೆ ದೂರದಲ್ಲಿ ಅಪ್ಪ ನೀರಿನಿಂದ ಕೈ ತೆಗೆದು, ಪಂಚೆಗೆ ಒರೆಸಿಕೊಂಡು, ಎದ್ದು ನಿಂತು ಮೊದಲ ಬಾನಿಯ ಅಂಚಿಗೆ ಎರಡೂ ಕೈ ಕೊಟ್ಟ. ದೊಡ್ಡ ಬಾನಿ. ಒಬ್ಬನಿಂದ ಬೋರಲಾಗುವಂಥದ್ದಲ್ಲ. ನಾನು ಹೆಜ್ಜೆ ಬೀಸಿ ಹಾಕಿದೆ.

“ತಮ್ಮ,” ಅಂತ ಹಿಂದಿನಿಂದ ಮಲಕಾಜಪ್ಪ ಕರೆದ. “ಬೈಯದಿದ್ರ ಬ್ಯಾಡ. ಬಣ್ಣ ಯಾಕ ಬಿಟ್ಟತು, ಅದೊಂದು ಹೇಳಿ ಹೋಗು.”

ನಾನು ನಿಲ್ಲಲಿಲ್ಲ.